ಮತ್ತಿತರರ ಪಟ್ಟಿ

ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಆತ್ಮಕತೆಗಳ ಚರ್ಚೆ ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಬರಹದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ, ಬಹುತೇಕರು ಓದದೆ ಮುಚ್ಚುವ ಉಲ್ಲೇಖಗಳ ಪಟ್ಟಿಯೂ ವಿಮರ್ಶೆಗೆ ತಕ್ಕ ಪಠ್ಯ ಅಂತ ನನಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ನಮ್ಮ ದಿಬ್ಬೂರಹಳ್ಳಿಯ ಹುಡುಗಿಯೊಬ್ಬಳ ದೆಸೆಯಿಂದ. ನಮ್ಮ ಚಿಕ್ಕಪ್ಪನ ಮೊಮ್ಮಗಳು, ರೇಷ್ಮೆ ಕೃಷಿ ಓದಿದವಳು. ಹುಳದ ಮನೆಯ ಕೆಲಸದ ಮೇಲೆ ಲೇಖನ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದಳು. ತಿರುಗಿ ಬಂತು. ಒಳಗಿನ ವಿಚಾರಕ್ಕೆ ತಕರಾರಿಲ್ಲ, ಉಲ್ಲೇಖಗಳು ನಮ್ಮ ನಮೂನೆಯಲ್ಲಿಲ್ಲ, ಸರಿಮಾಡಿ ಕಳಿಸಿ ಅಂತ. ‘ದೊಡ್ಡಪ್ಪ, ಕಾಮಾ ಎಲ್ಲಿ, ಚುಕ್ಕಿ ಎಲ್ಲಿ ಅನ್ನೋದರಲ್ಲೇ ಮೂರು ದಿನ ಹೋಯ್ತು’ ಅಂತ ಹಾಳೆ ಹಿಡಕೊಂಡು ಬಂದಳು. ಕನ್ನಡ ಮೇಷ್ಟ್ರಿಗೆ ಕಾಮಾ ಗೊತ್ತಿರುತ್ತೆ ಅನ್ನೋ ನಂಬಿಕೆ ಅವಳದ್ದು.

ಲೇಖನದ ಮೊದಲ ಸಾಲಲ್ಲೇ ನಾನು ನಿಂತುಬಿಟ್ಟೆ. ರೇಷ್ಮೆಹುಳಕ್ಕೆ ಬಾಂಬಿಕ್ಸ್ ಮೋರಿ ಅಂತ ಹೆಸರು, ಅದರ ಬೆನ್ನಿಗೆ ‘ಎಲ್’ ಎಂಬ ಒಂದಕ್ಷರ. ಏನಮ್ಮ ಇದು ಅಂದರೆ, ಸ್ವೀಡನ್ನಿನ ಲಿನೇಯಸ್, 1758ರಲ್ಲಿ ಹುಳಕ್ಕೆ ಹೆಸರಿಟ್ಟವನು ಅಂದಳು. ಹುಳಕ್ಕೆ ಕಂಟಕವಾದ ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಅದರ ಹೆಸರಿನ ಬಾಲದಲ್ಲೂ ಆವರಣದೊಳಗೆ ಲೂಯಿ ಎಂಬೊಬ್ಬ ಕೂತಿದ್ದಾನೆ. ಹೆಸರಿಟ್ಟವನನ್ನು ನೆನೆಯದೆ ನೊಣದ ಹೆಸರನ್ನೂ ಪೂರ್ತಿ ಹೇಳುವಂತಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಋಣ ನೆನೆಯುವ ಶಿಸ್ತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹುಳ ಸಾಕಿದವರ ವಿಷಯಕ್ಕೆ ಬಂದಾಗ ಇದೇ ಶಿಸ್ತು ‘ಸ್ಥಳೀಯ ರೈತರು’, ‘ಕೂಲಿ ಮಹಿಳೆಯರು’ ಎಂದು ಬಹುವಚನದಲ್ಲಿ ಮಾತಾಡಿ ಕೈತೊಳೆದುಕೊಳ್ಳುತ್ತದೆ.

ಹುಡುಗಿ ಮಾಡಿದ ತಪ್ಪು ಇಲ್ಲೇ ಇತ್ತು. ಪಟ್ಟಿಯಲ್ಲಿ ಆಕೆ ತನ್ನ ಅವ್ವನ ಹೆಸರನ್ನು ಸೇರಿಸಿದ್ದಳು. ನಮ್ಮ ಕಡೆ ಅಜ್ಜಿಯನ್ನ ಅವ್ವ ಅಂತೀವಿ. ಆಕೆ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಕೂಲಿ. ಹುಳದ ಮನೆಯೊಳಕ್ಕೆ ನಮ್ಮೋರನ್ನ ಬಿಡ್ತಿರಲಿಲ್ಲ, ಹುಳಕ್ಕೆ ಮೈಲಿಗೆಯಾಗುತ್ತೆ ಅಂತ. ಆದರೆ ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ತನ್ನ ಆಯುಸ್ಸಿನಲ್ಲಿ ತಿನ್ನೋ ಸೊಪ್ಪಿನ ಮುಕ್ಕಾಲಿಗೂ ಮಿಕ್ಕಿ ಆ ಕಡೇ ಒಂದು ವಾರದಲ್ಲೇ ತಿನ್ನುತ್ತೆ. ಆಗ ಮನೆಯವರ ಕೈ ಸಾಲದು. ಮೈಲಿಗೆಗೂ ಒಂದು ವಾರ ರಜಾ. ಹಾಗೆ ಒಳಗೆ ಹೋಗಿ ಹೋಗಿ ಅವ್ವ ಕಲಿತದ್ದು ಬೇಕಾದಷ್ಟು. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬೇಡ, ಸುಣ್ಣ ಉದುರಿಸಿ ಹಾಸಿಗೆ ಒಣಗಿಸು. ಮೊದಲೆದ್ದವು ತಲೆಯೆತ್ತಿ ಬೇಡ್ತವೆ, ಕೊಡಬೇಡ, ಎಲ್ಲಾ ಎದ್ದಮೇಲೇ ಕೊಡು, ಇಲ್ಲಾಂದ್ರೆ ಹಿಂದೆ ಬಿದ್ದವು ಹಿಂದೇ ಉಳೀತವೆ. ಹುಡುಗಿ ಈ ಪಾಠವನ್ನು ಮೊದಲು ಕೇಳಿದ್ದು ಕಾಲೇಜಿನಲ್ಲಲ್ಲ.

ಪತ್ರಿಕೆ ಹೇಳಿದ್ದು: ಇದು ವೈಯಕ್ತಿಕ ಮಾತುಕತೆ, ಉಲ್ಲೇಖಗಳ ಪಟ್ಟಿಗೆ ಬರುವುದಿಲ್ಲ, ಅಚ್ಚಾದ ಆಕರ ಕೊಡಿ. ಇದು ಆ ಒಂದು ಪತ್ರಿಕೆಯ ಕೊಂಕಲ್ಲ. 1929ರಿಂದ ನಡೆದುಬಂದಿರುವ ಎಪಿಎ ಪದ್ಧತಿಯ ಈಗಿನ ಕೈಪಿಡಿಯೂ ಹಾಗೇ ಹೇಳುತ್ತದೆ. ಬಾಯಿಮಾತನ್ನು ಬರಹದ ನಡುವೆ ಆವರಣದಲ್ಲಿ ಹೇಳಬಹುದು, ಪಟ್ಟಿಯಲ್ಲಿ ಸೇರಿಸುವಂತಿಲ್ಲ. ಓದುಗ ತಾನೇ ಹುಡುಕಿ ಪರಿಶೀಲಿಸುವಂತಿರಬೇಕು ಎನ್ನುವುದು ಕಾರಣ. ಕಾರಣ ನ್ಯಾಯವಾದದ್ದೇ. ದಿಬ್ಬೂರಹಳ್ಳಿಗೂ ಬಸ್ಸಿದೆ, ಬಂದು ಪರಿಶೀಲಿಸಲಿ ಅಂತ ನಾನು ವಾದ ಹೂಡಬಹುದಿತ್ತು. ಅವ್ವ ತೀರಿಕೊಂಡು ಎರಡು ವರ್ಷವಾಯಿತು.

ಕೆನಡಾದಲ್ಲಿ ಇದೇ ಜಗಳವನ್ನು ಮೂಲನಿವಾಸಿಗಳು ಆಡಿದ್ದಾರೆ. ಕ್ರೀ ಸಮುದಾಯದ ಗ್ರಂಥಪಾಲಕಿ ಲೊರಿಶಾ ಮೆಕ್ಲೌಡ್ ಹಿರಿಯರ ಬಾಯಿಮಾತನ್ನು ಪಟ್ಟಿಯಲ್ಲೇ ಪುಸ್ತಕದ ಸಮಕ್ಕೆ ಕೂರಿಸುವ ನಮೂನೆಯನ್ನು ತಯಾರಿಸಿ 2021ರಲ್ಲಿ ಪ್ರಕಟಿಸಿದರು. ಹಿರಿಯರ ಹೆಸರು, ಸಮುದಾಯ, ನೆಲ, ಹೇಳಿದ ವಿಷಯ, ದಿನಾಂಕ ಎಲ್ಲಕ್ಕೂ ಅಲ್ಲಿ ಜಾಗವಿದೆ.

ನಮ್ಮಲ್ಲಿ ಹೀಗೊಂದು ಪಟ್ಟಿ ಹಿಂದಿನಿಂದಲೂ ಇದೆಯಲ್ಲ ಎನ್ನಬಹುದು. ಜಾನಪದದ ಪಿಎಚ್‌.ಡಿ. ಪ್ರಬಂಧಗಳ ಅನುಬಂಧ ತೆಗೆದು ನೋಡಿ. ‘ವಕ್ತೃಗಳ ಪಟ್ಟಿ’ ಅಂತಿರುತ್ತದೆ: ಹೆಸರು, ವಯಸ್ಸು, ಊರು, ಕಸುಬು, ಎಷ್ಟೋ ಕಡೆ ಜಾತಿ. ಅದರ ಹಿಂದಿನ ಪುಟದಲ್ಲೇ ಗ್ರಂಥಋಣ. ಅಲ್ಲಿ ವಿದ್ವಾಂಸರ ವಯಸ್ಸೂ ಇಲ್ಲ, ಜಾತಿಯೂ ಇಲ್ಲ. ಒಂದು ಪಟ್ಟಿಯವರದು ಜ್ಞಾನ, ಇನ್ನೊಂದು ಪಟ್ಟಿಯವರದು ಬರೀ ಮಾಹಿತಿ. ಇದಕ್ಕೆ ಅಪವಾದಗಳಿವೆ, ಹೇಳಲೇಬೇಕು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆಮಾದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದಾಗ, ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು ಎಂದು ಪುಸ್ತಕದ ಹೆಸರಿನಲ್ಲೇ ಸೇರಿಸಿದರು. ಆದರೂ ವಿದ್ಯಾರ್ಥಿ ಅದನ್ನು ಉಲ್ಲೇಖಿಸುವಾಗ ಲೇಖಕನ ಜಾಗದಲ್ಲಿ ಯಾರ ಹೆಸರು ಬರೆಯುತ್ತಾನೆ? ಹಾಡಿದವನದ್ದಂತೂ ಅಲ್ಲ.

ಅಚ್ಚಾದರೆ ಸಾಕು, ಪಟ್ಟಿಯಲ್ಲಿ ಜಾಗ ಸಿಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಕೊಲಂಬಿಯಾದಲ್ಲಿ ಪ್ರಬಂಧ ಓದಿದ್ದು 1916ರ ಮೇ ತಿಂಗಳಲ್ಲಿ. ಮರುವರ್ಷ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾಯಿತು. ಮೇಲಿನವರನ್ನು ನೋಡಿ ಕೆಳಗಿನವರು ಅನುಕರಿಸುವ ಬಗೆಯನ್ನು ಫ್ರಾನ್ಸಿನ ತಾರ್ದ್‌ನನ್ನು ಹೆಸರಿಸಿಯೇ ಅಲ್ಲಿ ಚರ್ಚಿಸಿದ್ದಾರೆ. ತಾನು ಪಡೆದದ್ದನ್ನು ಯಾರಿಂದ ಪಡೆದೆ ಎಂದು ಹೇಳುವುದರಲ್ಲಿ ಇಪ್ಪತ್ತೈದು ವರ್ಷದ ಆ ವಿದ್ಯಾರ್ಥಿಗೆ ಸಂಕೋಚವಿರಲಿಲ್ಲ. ಅದೇ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು 1952ರ ಕೊಡಗಿನ ಪುಸ್ತಕದಲ್ಲಿ ಸಂಸ್ಕೃತೀಕರಣದ ವಿಚಾರ ಮಂಡಿಸಿದರು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಶ್ರೀನಿವಾಸರಿಗೆ ಕಂಡದ್ದು ಏಣಿ, ಅಂಬೇಡ್ಕರರಿಗೆ ಕಂಡದ್ದು ಮುಚ್ಚಿದ ಬಾಗಿಲು. ಆದರೆ ನಮ್ಮ ಕಾಲೇಜುಗಳಲ್ಲಿ ಅನುಕರಣೆಯ ಮಾತು ಬಂದರೆ ಆವರಣದೊಳಗೆ ‘ಶ್ರೀನಿವಾಸ್ 1952’ ಎಂದು ಬರೆಯುವುದೇ ರೂಢಿಯಾಯಿತು. ‘ಅಂಬೇಡ್ಕರ್ 1917’ ಅಂತ ನಾವು ಓದುವಾಗ ನಮಗೆ ಯಾರೂ ಬರೆಸಲಿಲ್ಲ.

ನಾವೇನು ಕಡಿಮೆ? ನಮ್ಮ ಕರಪತ್ರ, ಕ್ಯಾಲೆಂಡರ್‌ಗಳಲ್ಲಿ ‘ಬಾಬಾಸಾಹೇಬರು ಹೇಳಿದ್ದು’ ಅಂತ ಬರುವ ಮಾತುಗಳಿಗೆ ಸಂಪುಟವಿಲ್ಲ, ಪುಟವಿಲ್ಲ. ಮಹಾರಾಷ್ಟ್ರ ಸರ್ಕಾರ 1979ರಿಂದ ಸಂಪುಟಗಳನ್ನು ಅಚ್ಚುಹಾಕುತ್ತಾ ಬಂದಿದೆ, ಕನ್ನಡದಲ್ಲೂ ಬಂದಿವೆ. ತೆಗೆದು ನೋಡುವ ತಾಳ್ಮೆ ನಮಗಿಲ್ಲ. ಅವರು ಹೇಳದ್ದೂ ಅವರ ಹೆಸರಲ್ಲಿ ಓಡಾಡುತ್ತದೆ. ಸಭೆಗಳಲ್ಲಿ ಹಾಡುವ ಹಾಡನ್ನು ಕಟ್ಟಿದವರು ಯಾರು ಅಂತ ಕೇಳಿದರೆ ‘ಜನರ ಹಾಡು’ ಅಂದುಬಿಡುತ್ತೇವೆ. ಆ ಜನರಲ್ಲಿ ಒಬ್ಬಳಿಗೆ ಹೆಸರಿರಬಹುದು ಎಂಬ ಗುಮಾನಿ ನಮಗೂ ಬರುವುದಿಲ್ಲ.

ಇನ್ನು ಪತ್ರಿಕೆಯ ನಮೂನೆ. ಕೆನಡಾದ ವ್ಯಾಂಕೂವರಿನಲ್ಲಿ 1978ರಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರಿಂದ ಶುರುವಾದ ಪದ್ಧತಿ ಅದು. ಉಲ್ಲೇಖಗಳಿಗೆ ಬಂದ ಕ್ರಮದಲ್ಲೇ ಅಂಕಿ, ಮೊದಲು ಕುಲನಾಮ, ಆಮೇಲೆ ಇನಿಷಿಯಲ್. ಆರು ಜನ ಲೇಖಕರವರೆಗೆ ಹೆಸರು, ಏಳನೆಯವರಿಂದ ‘ಮತ್ತಿತರರು’. ಪಟ್ಟಿ ಬೆಳೆಯದಿರಲಿ ಎಂಬುದಷ್ಟೇ ಉದ್ದೇಶ. ಮತ್ತಿತರರಾಗಿಯೇ ಬದುಕಿದವರಿಗೆ ಆ ಪದ ಬೇರೆ ಥರ ಕೇಳಿಸುತ್ತದೆ.

ಹುಡುಗಿ ಕಡೆಗೆ ಅವ್ವನ ಸಾಲನ್ನು ಹೊಡೆದುಹಾಕಿ, ಆ ಜಾಗಕ್ಕೆ ರೇಷ್ಮೆ ಲೇಖನಗಳು ಮತ್ತೆ ಮತ್ತೆ ಉಲ್ಲೇಖಿಸುವ ಕೃಷ್ಣಸ್ವಾಮಿಯವರ 1978ರ ಮೈಸೂರು ಬುಲೆಟಿನ್ ಹಾಕಿದಳು. ಅವ್ವನ ಪೂರ್ತಿ ಹೆಸರನ್ನು ಕೃತಜ್ಞತೆಯ ಸಾಲಿಗೆ ತಂದಳು. ನಾನು ಬೇಡ ಅನ್ನಲಿಲ್ಲ. ಅವಳಿಗೆ ಲೇಖನ ಅಚ್ಚಾಗಬೇಕು, ಕೆಲಸ ಸಿಗಬೇಕು.

ಉಳಿದದ್ದು ಅವಳದೇ ಹೆಸರು. ಅರ್ಜಿಯಲ್ಲಿ ಕುಲನಾಮದ ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ನಮಗೆಲ್ಲಿಯ ಕುಲನಾಮ? ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಬಿಟ್ಟರೆ ಬೇರೇನಿದೆ? ಅಪ್ಪನ ಹೆಸರು ಬರೆದಳು, ಅಳಿಸಿದಳು. ‘ಊರ ಹೆಸರು ಹಾಕ್ತೀನಿ ದೊಡ್ಡಪ್ಪ’ ಅಂದಳು. ನಮ್ಮ ಕೇರಿ ಊರಾಚೆ ಇದೆ ಅಂತ ನೆನಪಿಸಿದೆ. ‘ಗೊತ್ತು’ ಅಂತ ಹೇಳಿ ದಿಬ್ಬೂರಹಳ್ಳಿ ಎಂದೇ ತುಂಬಿದಳು.