ಅಡುಗೆಮನೆಯ ಸಿಪಾಯಿ

ಟಾಕೀಸಿನಲ್ಲಿ ಸಿನಿಮಾ ನೋಡಿ ಬೆಳೆದ ನಮ್ಮ ವಯಸ್ಸಿನವರಿಗೆ ಫಿಲ್ಮ್ಸ್ ಡಿವಿಜನ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಜಕುಮಾರ್ ತೆರೆಗೆ ಬರುವ ಮುಂಚೆ ಅಣೆಕಟ್ಟು, ನೆರೆ ಪರಿಹಾರ, ಗಡಿ ಕಾಯುವ ಜವಾನರು ಎಲ್ಲರೂ ಕಪ್ಪುಬಿಳುಪಿನಲ್ಲಿ ಬಂದು ಹೋಗುತ್ತಿದ್ದರು. ಗಂಡಸರು ಹೊರಗೆ ಬೀಡಿ ಸೇದುತ್ತಿದ್ದರು, ಹೆಂಗಸರು ಸೀಟು ಹಿಡಿದು ಕಡಲೆಕಾಯಿ ಬಿಡಿಸುತ್ತಿದ್ದರು. ಈ ಪದ್ಧತಿ ನಮಗೆ ಬಳುವಳಿಯಾಗಿ ಬಂದದ್ದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆ ತೆರೆಯಿತು. ಸರ್ಕಾರ ಒಪ್ಪಿದ ಕಿರುಚಿತ್ರಗಳನ್ನು ತೋರಿಸಲೇಬೇಕೆಂದು ಭಾರತ ರಕ್ಷಣಾ ನಿಯಮಗಳಡಿ ಟಾಕೀಸಿನವರಿಗೆ ಕಟ್ಟಪ್ಪಣೆಯಾಯಿತು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ ನಡೆದದ್ದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ.

ನಮ್ಮನ್ನು ಆಳಿದವರು ತಮ್ಮ ಸ್ವಂತ ಮನೆಯ ಹೆಂಗಸರಿಗೆ ಆ ಕಾಲದಲ್ಲಿ ಏನು ತೋರಿಸುತ್ತಿದ್ದರು? ಈ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು. ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ಕೆಲವನ್ನು ಹಾಕಿಕೊಟ್ಟಳು. 1940ರಲ್ಲಿ ಬ್ರಿಟನ್ನಿನ ಮಾಹಿತಿ ಸಚಿವಾಲಯ ವಾರಕ್ಕೊಂದು ಐದು ನಿಮಿಷದ ಚಿತ್ರ ಮಾಡಿಸಿ ಚಿತ್ರಮಂದಿರಗಳಿಗೆ ಪುಕ್ಕಟೆ ಕಳಿಸತೊಡಗಿತು. ಟಾಕೀಸಿಲ್ಲದ ಹಳ್ಳಿಗಳಿಗೆ, ಕಾರ್ಖಾನೆಯ ಕ್ಯಾಂಟೀನುಗಳಿಗೆ ವ್ಯಾನಿನಲ್ಲಿ ಪ್ರೊಜೆಕ್ಟರ್ ಹೋಗುತ್ತಿತ್ತು. ಎಲೆಕೋಸು ಬೇಯಿಸುವುದು ಹೇಗೆ, ಹಳೇ ಡಬ್ಬಿ, ಮೂಳೆ, ಚಿಂದಿಬಟ್ಟೆಗಳನ್ನು ಎಸೆಯದೆ ಯುದ್ಧಕ್ಕೆ ಕೊಡುವುದು ಹೇಗೆ, ಎಲ್ಲವೂ ಅವುಗಳಲ್ಲಿವೆ. ಚಿಂದಿಯ ಚಿತ್ರ ಕಾರ್ಟೂನು. ಮಕ್ಕಳಿಗೆ ಈಗಲೂ ತೋರಿಸಬಹುದು. ಎಲೆಕೋಸಿನ ವಿಷಯದಲ್ಲಿ ಅವರಿಂದ ನಾವು ಕಲಿಯಬೇಕಾದ್ದೇನೂ ಇಲ್ಲ ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ದೇ ಆಲ್ಸೋ ಸರ್ವ್’ ಎಂಬ ಚಿತ್ರ. 1940ರದು, ಹತ್ತು ನಿಮಿಷವೂ ಇಲ್ಲ. ನಿರ್ದೇಶಿಸಿದಾಕೆ ರೂಬಿ ಗ್ರಿಯರ್ಸನ್. ಸಾಕ್ಷ್ಯಚಿತ್ರಗಳ ಪಿತಾಮಹ ಎನಿಸಿಕೊಂಡ ಜಾನ್ ಗ್ರಿಯರ್ಸನ್ ಅವರ ತಂಗಿ. ನಡುವಯಸ್ಸಿನ ತಾಯಿಯೊಬ್ಬಳ ದಿನಚರಿ ಇದು: ಗಂಡನನ್ನು, ಮಗಳನ್ನು ನೋಡಿಕೊಳ್ಳುತ್ತಾಳೆ, ನೆರೆಯವರಿಗೆ ಆಗಿಬರುತ್ತಾಳೆ, ತನ್ನದೆಂಬುದನ್ನು ಬದಿಗಿಡುತ್ತಾಳೆ. ಇಂಥ ಗೃಹಿಣಿಯೂ ಸಿಪಾಯಿಯೇ ಎಂಬುದು ಚಿತ್ರದ ಮಾತು. ಹೆಸರು ಬಂದದ್ದು ಮಿಲ್ಟನ್ ಕವಿ ತನ್ನ ಕುರುಡುತನದ ಬಗ್ಗೆ ಬರೆದ ಸುನೀತದ ಕೊನೆಯ ಸಾಲಿನಿಂದ. ಅಲ್ಲಿ ಮಾತು ಸುಮ್ಮನೆ ನಿಂತು ಕಾಯುವವರದು. ಈ ತಾಯಿಗೆ ನಿಲ್ಲಲು ಪುರುಸೊತ್ತಾದರೂ ಎಲ್ಲಿದೆ?

ಚಿತ್ರ ಕೆಟ್ಟದಾಗಿದೆ ಎಂದು ನಾನು ಹೇಳುತ್ತಿಲ್ಲ. ಒಲೆಯ ಮುಂದಿನ ಕೆಲಸವನ್ನು ಕೆಲಸವೆಂದು ಸರ್ಕಾರವೊಂದು ಹಣ ಕೊಟ್ಟು ತೆರೆಯ ಮೇಲೆ ತೋರಿಸಿತಲ್ಲ, ಅದು ಸಣ್ಣ ಮಾತಲ್ಲ. ಆದರೂ ನೋಡುತ್ತಾ ನೋಡುತ್ತಾ ಮನಸ್ಸಿಗೆ ಕಸಿವಿಸಿಯಾಯಿತು. ‘ನಮ್ಮ ಸೊಸೆ ಬಂಗಾರ, ಬಾಯಿ ಬಿಟ್ಟು ಒಂದು ಮಾತಾಡಿದವಳಲ್ಲ’ ಎಂದು ಬಂದವರೆದುರು ಹೊಗಳಿಸಿಕೊಂಡ ಸೊಸೆಗೆ ಆಮೇಲೆ ಬಾಯಿ ಬಿಡುವುದೇ ಕಷ್ಟವಾಗುತ್ತದೆ. ಈ ಹೊಗಳಿಕೆಯೂ ಅದೇ ಜಾತಿಯದು. ಸರಿ, ನನಗೆ ಸಾಕಾಗಿದೆ ಎಂದು ಆ ತಾಯಿ ಒಮ್ಮೆ ಹೇಳಿದ್ದರೆ ಚಿತ್ರ ಅಲ್ಲಿಗೇ ಮುರಿದು ಬೀಳುತ್ತಿತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇದೇ ರೂಬಿ 1935ರಲ್ಲಿ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಚಿತ್ರಕ್ಕೆ ಸಹಾಯಕಿಯಾಗಿದ್ದರು. ಲಂಡನ್ನಿನ ಕೊಳೆಗೇರಿಗಳ ಚಿತ್ರ. ದುಡ್ಡು ಹಾಕಿದವರು ಗ್ಯಾಸ್ ಕಂಪನಿಯವರು, ಹೊಸ ಮನೆ ಕಟ್ಟಿದರೆ ಗ್ಯಾಸಿನ ಒಲೆ ಮಾರಾಟವಾಗುತ್ತದಲ್ಲ! ಕ್ಯಾಮೆರಾ ನಿಮ್ಮದು, ಮೈಕು ನಿಮ್ಮದು, ಇಲ್ಲಿ ಬದುಕುವುದು ಹೇಗಿದೆಯೋ ಮೇಲಿನವರಿಗೆ ಹಾಗೇ ಹೇಳಿ ಎಂದು ರೂಬಿ ಅಲ್ಲಿನವರಿಗೆ ಧೈರ್ಯ ತುಂಬಿದರಂತೆ, ಅದೂ ಒಂದು ಬೈಗುಳ ಸೇರಿಸಿ. ಹೆಂಗಸರು ಹೇಳಿದ್ದಾರೆ ಕೂಡ. ಸೋರುವ ಗೋಡೆ, ತಿಗಣೆ, ಇಲಿ, ಯಾವುದನ್ನೂ ಬಿಟ್ಟಿಲ್ಲ. ಒಬ್ಬಾಕೆ ಇಲಿಯ ಕಥೆಯನ್ನು ನಮ್ಮ ಬೀದಿನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಹೇಳುವವರ ಹಾಗೆಯೇ ಹೇಳುತ್ತಾಳೆ. ಐದು ವರ್ಷ ಕಳೆಯುವುದರಲ್ಲಿ ಯುದ್ಧ ಬಂತು, ಮೈಕಿನ ಮುಂದೆ ದೂರುತ್ತಿದ್ದ ಹೆಂಗಸಿನ ಜಾಗದಲ್ಲಿ ದೂರದ ಹೆಂಗಸು ಬಂದು ಕೂತಳು. ಬಾಂಬು ಬೀಳುವಾಗ ಇಲಿಯ ಮಾತು ಎತ್ತಬಾರದು ಎನ್ನುವುದು ಅರ್ಥವಾಗುತ್ತದೆ. ಆದರೆ ಬಾಂಬು ಬಂತೆಂದು ಇಲಿ ಹೋಗಿರಲಿಲ್ಲವಲ್ಲ.

ರೂಬಿ ಮುಂದೆ ಯಾವ ದಾರಿ ಹಿಡಿಯುತ್ತಿದ್ದರೋ ನೋಡಲು ಆಗಲಿಲ್ಲ. ಅದೇ 1940ರ ಸೆಪ್ಟೆಂಬರಿನಲ್ಲಿ, ಬಾಂಬಿನ ಭಯಕ್ಕೆ ಕೆನಡಾಕ್ಕೆ ಕಳಿಸುತ್ತಿದ್ದ ಮಕ್ಕಳ ಬಗ್ಗೆ ಚಿತ್ರ ಮಾಡಲು ಅವರ ಜೊತೆಯೇ ಹಡಗು ಹತ್ತಿದರು. ಹಡಗಿನ ಹೆಸರು ‘ಸಿಟಿ ಆಫ್ ಬನಾರಸ್’. 17ರ ರಾತ್ರಿ ಜರ್ಮನ್ ಜಲಾಂತರ್ಗಾಮಿ ಅದನ್ನು ಅಟ್ಲಾಂಟಿಕ್ಕಿನಲ್ಲಿ ಮುಳುಗಿಸಿತು. ಸರ್ಕಾರದ ಯೋಜನೆಯಲ್ಲಿ ಹೊರಟಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು, ರೂಬಿಯೂ ಸತ್ತರು. ಹಡಗಿನಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ಖಲಾಸಿಗಳೂ ಬಹಳ ಮಂದಿ ಸತ್ತರು. ಅವರ ಬಗ್ಗೆ ಯಾರೂ ಚಿತ್ರ ಮಾಡಲು ಹೊರಟಿರಲಿಲ್ಲ.

ಈ ಸಾಲಿನ ಚಿತ್ರಗಳಲ್ಲಿ ಶ್ರೇಷ್ಠವೆಂದು ಎಲ್ಲರೂ ಹೇಳುವುದು ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟೀವರ್ಟ್ ಮೆಕ್‌ಆಲಿಸ್ಟರ್ ಮಾಡಿದ ‘ಲಿಸನ್ ಟು ಬ್ರಿಟನ್’, 1942ರದು. ನಾನೂ ಒಪ್ಪುತ್ತೇನೆ. ಇಪ್ಪತ್ತು ನಿಮಿಷ, ವಿವರಣೆಯ ದನಿಯೇ ಇಲ್ಲ, ಬರೀ ಸದ್ದುಗಳು: ವಿಮಾನ, ರೈಲು, ರೇಡಿಯೋ ಹಾಡಿಗೆ ದನಿಗೂಡಿಸುತ್ತಾ ಯಂತ್ರದ ಮುಂದೆ ದುಡಿಯುವ ಹುಡುಗಿಯರು. ಮೈರಾ ಹೆಸ್ ಎಂಬಾಕೆ ಪಿಯಾನೋದಲ್ಲಿ ನುಡಿಸುವುದು ಮೊಜಾರ್ಟನನ್ನು, ಆಗ ಹಿಟ್ಲರನ ಕೈಯಲ್ಲಿದ್ದ ಆಸ್ಟ್ರಿಯಾದವನನ್ನು. ಶತ್ರುವನ್ನು ಬೈಯದೆಯೇ ದೇಶಪ್ರೇಮದ ಚಿತ್ರ ಮಾಡಬಹುದೆಂದು ಇದನ್ನು ನೋಡಿ ತಿಳಿಯಬೇಕು. ಅದರಲ್ಲೊಂದು ಕಡೆ, ಶಾಲೆಯ ಅಂಗಳದಲ್ಲಿ ಮಕ್ಕಳು ಜೋಡಿಜೋಡಿಯಾಗಿ ಕುಣಿಯುತ್ತಿರುತ್ತಾರೆ. ಮನೆಯೊಳಗಿನ ಹೆಂಗಸೊಬ್ಬಳು ಅದನ್ನು ನೋಡುತ್ತಾಳೆ. ಮರುಕ್ಷಣ ಚೌಕಟ್ಟಿನಲ್ಲಿ ಸೈನಿಕನೊಬ್ಬನ ಫೋಟೋ. ಅಷ್ಟೇ. ಅವಳ ಮನಸ್ಸಿನಲ್ಲಿ ಧೈರ್ಯವಿತ್ತೋ, ಸಿಟ್ಟಿತ್ತೋ, ಸಂಜೆಗೆ ಏನು ಬೇಯಿಸಲಿ ಎಂಬ ಯೋಚನೆಯಿತ್ತೋ, ಚಿತ್ರ ಅದನ್ನು ಅವಳ ಪರವಾಗಿ ಹೇಳಲು ಹೋಗುವುದಿಲ್ಲ.