ಚರಿತ್ರೆಯಿಲ್ಲದ ದ್ವೀಪ: ಪಂತುಲು ಅವರ ‘ಆಯಿರತ್ತಿಲ್ ಒರುವನ್’

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆಯುವವರು ಬಿ.ಆರ್. ಪಂತುಲು ಅವರನ್ನು ‘ಸ್ಕೂಲ್ ಮಾಸ್ಟರ್’ (1958), ‘ಕಿತ್ತೂರು ಚೆನ್ನಮ್ಮ’ (1961), ‘ಶ್ರೀಕೃಷ್ಣದೇವರಾಯ’ (1970) ಚಿತ್ರಗಳ ಮೂಲಕ ಗುರುತಿಸುತ್ತಾರೆ. ತಮಿಳು ಚಿತ್ರಗಳ ಚರಿತ್ರೆಕಾರರು ಅವರನ್ನೇ ‘ವೀರಪಾಂಡಿಯ ಕಟ್ಟಬೊಮ್ಮನ್’ (1959), ‘ಕರ್ಣನ್’ (1964) ಚಿತ್ರಗಳ ನಿರ್ದೇಶಕರೆಂದು ಕಾಣುತ್ತಾರೆ. ಮದರಾಸಿನಲ್ಲಿ ನೆಲೆನಿಂತು ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ದುಡಿದ ಈ ಪ್ರತಿಭೆಯನ್ನು ಒಂದೇ ನೋಟದಲ್ಲಿ ಹಿಡಿಯುವ ಪ್ರಯತ್ನಗಳು ವಿರಳ. ಅಂಥ ನೋಟಕ್ಕೆ ಒಂದು ತೊಡಕಿನ ನಿದರ್ಶನವಾಗಿ 1965ರಲ್ಲಿ ತೆರೆಕಂಡ ‘ಆಯಿರತ್ತಿಲ್ ಒರುವನ್’ ಎಂಬ ದ್ವೀಪಸಾಹಸದ ಚಿತ್ರವನ್ನು ಇಲ್ಲಿ ಪರಿಶೀಲಿಸಲಾಗಿದೆ. ಚಿತ್ರವು ಜನಪ್ರಿಯವಾಯಿತು, 2014ರಲ್ಲಿ ನವೀಕೃತ ಪ್ರತಿಯಾಗಿ ಮತ್ತೆ ಬಿಡುಗಡೆಯಾದಾಗಲೂ ಪ್ರೇಕ್ಷಕರು ಅದನ್ನು ಆದರದಿಂದಲೇ ಬರಮಾಡಿಕೊಂಡರು. ಆದ್ದರಿಂದ ಇಲ್ಲಿ ‘ನಿರಾಶೆ’ ಎನ್ನುವುದು ಗಲ್ಲಾಪೆಟ್ಟಿಗೆಯ ಮಾತಲ್ಲ, ವಿಮರ್ಶೆಯ ಮಾತು.

ಕಥೆಯ ಹಂದರ ಪರಿಚಿತವಾದದ್ದು. ನೆಯ್ದಲ್ ನಾಡಿನ ಸರ್ವಾಧಿಕಾರಿಯ ವಿರುದ್ಧ ದಂಗೆಯೆದ್ದವರಿಗೆ ಚಿಕಿತ್ಸೆ ನೀಡಿದ ವೈದ್ಯ ಮಣಿಮಾರನ್ (ಎಂ.ಜಿ. ರಾಮಚಂದ್ರನ್) ಬಂಧಿತನಾಗಿ, ಉಳಿದವರೊಂದಿಗೆ ಕನ್ನಿದ್ವೀಪಕ್ಕೆ ಗುಲಾಮನಾಗಿ ಮಾರಲ್ಪಡುತ್ತಾನೆ. ದ್ವೀಪದ ರಾಜಕುಮಾರಿ ಪೂಂಗೊಡಿ (ಜಯಲಲಿತಾ) ಅವನನ್ನು ಪ್ರೀತಿಸುತ್ತಾಳೆ. ಮುಂದೆ ಕಡಲ್ಗಳ್ಳರು, ಹಡಗು, ಕತ್ತಿವರಸೆ. ರಾಫೇಲ್ ಸಬಾಟಿನಿಯ 1922ರ ‘ಕ್ಯಾಪ್ಟನ್ ಬ್ಲಡ್’ ಕಾದಂಬರಿ, ಅದನ್ನಾಧರಿಸಿ ಮೈಕೆಲ್ ಕರ್ಟಿಸ್ 1935ರಲ್ಲಿ ನಿರ್ದೇಶಿಸಿದ ಹಾಲಿವುಡ್ ಚಿತ್ರ, ಇವುಗಳೊಡನೆ ಈ ಹಂದರಕ್ಕಿರುವ ಸಾಮ್ಯವನ್ನು ಹಲವರು ಗುರುತಿಸಿದ್ದಾರೆ. ಎರವಲು ತಂದದ್ದು ದೋಷವಲ್ಲ. ನಮ್ಮ ರಂಗಭೂಮಿಯೂ ಚಿತ್ರರಂಗವೂ ಎರವಲಿನಿಂದಲೇ ಬೆಳೆದಿವೆ. ತರುವಾಗ ಏನನ್ನು ಅಲ್ಲಿಯೇ ಬಿಟ್ಟು ಬಂದರು ಎಂಬುದು ಪ್ರಶ್ನೆ.

ಸಬಾಟಿನಿಯ ಕಥೆ 1685ರ ಮನ್ಮತ್ ದಂಗೆಯ ನೆಲೆಗಟ್ಟಿನ ಮೇಲೆ ನಿಂತಿದೆ. ಸೋತ ದಂಗೆಕೋರರನ್ನು ಕೆರಿಬಿಯನ್ ದ್ವೀಪಗಳ ತೋಟಗಳಿಗೆ ಮಾರಿದ್ದು ಚರಿತ್ರೆಯ ಸತ್ಯ. 1688ರಲ್ಲಿ ಇಂಗ್ಲೆಂಡಿನ ಸಿಂಹಾಸನವೇ ಕೈಬದಲಾದುದರಿಂದ ನಾಯಕನ ಬಿಡುಗಡೆಗೆ ಒಂದು ತರ್ಕ ಒದಗುತ್ತದೆ. ಸಾಹಸದ ಅಬ್ಬರದ ಕೆಳಗೆ ಅಲ್ಲಿ ಒಂದು ರಾಜಕೀಯ ಕಾಲವಿದೆ. ಕನ್ನಿದ್ವೀಪಕ್ಕೆ ಅಂಥ ಕಾಲವಿಲ್ಲ. ಗುಲಾಮರು ಅಲ್ಲಿ ಏನನ್ನು ಬೆಳೆಯುತ್ತಾರೆ, ಆ ಬೆಳೆಯನ್ನು ಕೊಳ್ಳುವವರು ಯಾರು, ಲಾಭ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ಚಿತ್ರಕ್ಕೆ ಎದುರಾಗುವುದೇ ಇಲ್ಲ. ಚಾವಟಿ ಉಂಟು, ಲೆಕ್ಕದ ಖಾತೆ ಇಲ್ಲ. ನೆಯ್ದಲ್ ಎಂಬ ಹೆಸರೂ ಅಷ್ಟೆ. ಪ್ರಾಚೀನ ತಮಿಳು ಕಾವ್ಯದ ಐದು ತಿಣೆಗಳಲ್ಲಿ ನೆಯ್ದಲ್ ಕಡಲ ತೀರದ ತಿಣೆ. ಮೀನುಗಾರರ, ಉಪ್ಪು ಬೆಳೆಯುವವರ, ಅಗಲಿಕೆಯ ಅಳಲಿನ ಲೋಕ ಅದು. ಚಿತ್ರ ಹೆಸರನ್ನು ಮಾತ್ರ ಪಡೆದು ಆ ಲೋಕವನ್ನು ಕೈಬಿಟ್ಟಿದೆ.

ಈ ಕೊರತೆ ಮದರಾಸಿನಲ್ಲಿ ತಯಾರಾದ ಚಿತ್ರದಲ್ಲಿ ಕಾಣಿಸಿಕೊಂಡದ್ದು ಹೆಚ್ಚು ಅರ್ಥಪೂರ್ಣ. ನಗರದ ಸೌಕಾರ್‌ಪೇಟೆ, ಹೆಸರೇ ಸೂಚಿಸುವಂತೆ, ಸಾಹುಕಾರರ ಪೇಟೆ. ಮಾರವಾಡಿ, ಗುಜರಾತಿ ಕುಟುಂಬಗಳ ಬಡ್ಡಿ ವ್ಯವಹಾರ, ಸಗಟು ವ್ಯಾಪಾರಗಳ ಈ ಕೇಂದ್ರ ಮದರಾಸಿನ ಚಿತ್ರೋದ್ಯಮಕ್ಕೆ ಸಾಲ ಒದಗಿಸಿದ ಮುಖ್ಯ ಮೂಲಗಳಲ್ಲಿ ಒಂದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಬೆಂಗಳೂರಿನ ಮಾರವಾಡಿ ವರ್ತಕ ಚಮನ್‌ಲಾಲ್ ಡೂಂಗಾಜಿ ಹಣ ಹೂಡಿದ್ದನ್ನು ನೆನೆದರೆ, ದಕ್ಷಿಣದ ಚಿತ್ರಗಳಿಗೂ ಉತ್ತರದ ವರ್ತಕ ಬಂಡವಾಳಕ್ಕೂ ಇರುವ ನಂಟು ಹಳೆಯದೆಂಬುದು ತಿಳಿಯುತ್ತದೆ. ಪ್ರಸ್ತುತ ಚಿತ್ರದ ಹಣ ಸೌಕಾರ್‌ಪೇಟೆಯಿಂದಲೇ ಬಂತೆಂಬುದು ಇಲ್ಲಿನ ವಾದವಲ್ಲ. ತಾರೆಯ ಹೆಸರಿನ ಮೇಲೆ ಸಾಲ ಹುಟ್ಟುವ ವ್ಯವಸ್ಥೆಯೊಂದು ಅಲ್ಲಿತ್ತು. ಆ ವ್ಯವಸ್ಥೆಯಲ್ಲಿ ಚರಿತ್ರೆ ಅಡಮಾನಕ್ಕೆ ಯೋಗ್ಯವಾದ ವಸ್ತುವಾಗಿರಲಿಲ್ಲ ಎಂಬುದಷ್ಟೇ ಗಮನಾರ್ಹ.

ಇದೇ ಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ ಬಂದರು ಇದೆ. ಮದರಾಸಿನ ಈ ಕಡಲತಡಿಯಿಂದಲೇ 1860ರಲ್ಲಿ ‘ಟ್ರೂರೋ’ ಎಂಬ ಹಡಗು ಮುನ್ನೂರಕ್ಕೂ ಹೆಚ್ಚು ಕರಾರು ಕೂಲಿಗಳನ್ನು ಹೊತ್ತು ನಟಾಲಿಗೆ ಹೊರಟಿತು. ಅದಕ್ಕೂ ಮೊದಲೇ ಮಾರಿಷಸ್ ದ್ವೀಪಕ್ಕೆ, 1903ರಿಂದ ಫಿಜಿಗೆ, ಕಂಗಾಣಿಗಳ ಮೂಲಕ ಸಿಂಹಳಕ್ಕೆ ಮತ್ತು ಮಲಯಕ್ಕೆ ದಕ್ಷಿಣದ ಬಡವರು ಹೋದರು. ಮನುಷ್ಯರನ್ನು ಹಡಗಿಗೆ ತುಂಬಿ ತೋಟಗಳಿಗೆ ಸಾಗಿಸಿದ ದ್ವೀಪಚರಿತ್ರೆ ಈ ನಗರದ ಬಾಗಿಲಲ್ಲೇ ಇರುವಾಗ, ಚಿತ್ರವು ಹಾಲಿವುಡ್ಡಿನ ಅಟ್ಲಾಂಟಿಕ್ ದ್ವೀಪವನ್ನು ಚರಿತ್ರೆ ಕಳಚಿ ಇಲ್ಲಿಗೆ ತಂದಿತು. ಚಿತ್ರೀಕರಣ ನಡೆದದ್ದು ನಮ್ಮ ಕಾರವಾರದ ಕಡಲಲ್ಲಿ. 1638ರಷ್ಟು ಹಿಂದೆಯೇ ಇಂಗ್ಲಿಷ್ ವರ್ತಕರು ಕೋಠಿ ಹೂಡಿದ್ದ ಆ ತೀರ ತೆರೆಯ ಮೇಲೆ ಊರಿಲ್ಲದ, ಹೆಸರಿಲ್ಲದ ಸುಂದರ ನೀರಾಗಿ ಉಳಿಯುತ್ತದೆ.

ಪಂತುಲು ಅವರಿಗೆ ಚರಿತ್ರೆಯ ಪ್ರಜ್ಞೆ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. 1961ರಲ್ಲಿ ಅವರು ‘ಕಿತ್ತೂರು ಚೆನ್ನಮ್ಮ’ನ ಜೊತೆಗೇ ‘ಕಪ್ಪಲೋಟ್ಟಿಯ ತಮಿಳನ್’ ಚಿತ್ರವನ್ನೂ ತೆರೆಗೆ ತಂದರು. 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಸ್ಥಾಪಿಸಿ, ಮುಂದೆ ಸೆರೆಮನೆಯಲ್ಲಿ ಗಾಣ ಎಳೆದ ವ.ಉ. ಚಿದಂಬರಂ ಪಿಳ್ಳೆಯವರ ಕಥೆ ಅದು. ಅಲ್ಲಿ ಹಡಗು ಎಂದರೆ ಷೇರು, ಪೈಪೋಟಿ, ದಿವಾಳಿ, ಸ್ವಾತಂತ್ರ್ಯ ಎಲ್ಲವೂ ಹೌದು. ಆ ಚಿತ್ರ ಆರ್ಥಿಕವಾಗಿ ಸೋತಿತು. ನಾಲ್ಕು ವರ್ಷಗಳ ತರುವಾಯ ಅದೇ ನಿರ್ದೇಶಕರ ಹಡಗು ಗೆದ್ದಿತು, ಆದರೆ ಅದರ ಸರಕು ಬರಿದಾಗಿತ್ತು. ಎರಡು ಹಡಗುಗಳ ನಡುವಿನ ಈ ಅಂತರವೇ ನಮ್ಮ ನಿರಾಶೆಯ ಕಾರಣ.

ಚಿತ್ರದ ಗುಣಗಳನ್ನು ಮರೆಮಾಚಬೇಕಿಲ್ಲ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ಸಂಗೀತ ಇಂದಿಗೂ ಮಾಸಿಲ್ಲ. ಪಂತುಲು ಅವರೇ ‘ಚಿನ್ನದ ಗೊಂಬೆ’ಯಲ್ಲಿ (1964) ಕನ್ನಡಕ್ಕೆ ನಾಯಕಿಯಾಗಿ ಪರಿಚಯಿಸಿದ್ದ ಜಯಲಲಿತಾ ಇಲ್ಲಿ ಲವಲವಿಕೆಯಿಂದ ಅಭಿನಯಿಸಿದ್ದಾರೆ. ಬಿಡುಗಡೆಯನ್ನು ಕುರಿತ ಹಾಡುಗಳನ್ನು ಅಂದಿನ ದ್ರಾವಿಡ ರಾಜಕಾರಣದ ಹಿನ್ನೆಲೆಯಲ್ಲಿ ಪ್ರೇಕ್ಷಕರು ತಮ್ಮದೇ ಅರ್ಥದಲ್ಲಿ ಕೇಳಿಸಿಕೊಂಡಿರುವುದು ಸಹಜ. ಆದರೆ ಆ ಅರ್ಥವನ್ನು ತಾರೆಯ ವ್ಯಕ್ತಿತ್ವ ತುಂಬಿತೇ ಹೊರತು ಕಥೆ ತುಂಬಲಿಲ್ಲ. ಪೂಂಗೊಡಿಯನ್ನು ಹರಾಜಿಗಿಡುವ ಪ್ರಸಂಗವೇ ಇದಕ್ಕೆ ಸಾಕ್ಷಿ. ಗುಲಾಮಗಿರಿಯನ್ನು ಧಿಕ್ಕರಿಸುವ ಚಿತ್ರ ಹೆಣ್ಣಿಗೆ ಬೆಲೆ ಕಟ್ಟುವ ಗಳಿಗೆಯನ್ನು ನಾಯಕನ ಔದಾರ್ಯದ ಅವಕಾಶವಾಗಿ ಬಳಸಿ ಮುಂದೆ ಸಾಗುತ್ತದೆ. ತನ್ನದೇ ಆಶಯ ಅಲ್ಲಿ ಪರೀಕ್ಷೆಗೆ ಒಳಗಾಗಿದೆಯೆಂಬ ಅರಿವು ಅದಕ್ಕಿಲ್ಲ.

ಹೊರನಾಡಿನಲ್ಲಿ ಕನ್ನಡ ಅಧ್ಯಯನ ಮಾಡುವವರಿಗೆ ಪಂತುಲು ಅವರ ಸಾಧನೆ ಎರಡು ಭಾಷೆಗಳ ಗಡಿಯಲ್ಲಿ ತುಂಡಾಗಿ ದೊರೆಯುತ್ತದೆ. ಕನ್ನಡದ ಅರ್ಧವನ್ನು ಮಾತ್ರ ಓದಿದರೆ ಅವರು ಚರಿತ್ರೆಯ ನಿರ್ದೇಶಕ. ತಮಿಳಿನ ಉತ್ತರಾರ್ಧವನ್ನು ಮಾತ್ರ ಓದಿದರೆ ತಾರೆಯ ನಿರ್ದೇಶಕ. 1961ರ ಎರಡು ಚಿತ್ರಗಳನ್ನೂ 1965ರ ಈ ಚಿತ್ರವನ್ನೂ ಒಟ್ಟಿಗಿಟ್ಟು ಓದಿದಾಗ, ಮದರಾಸಿನ ಬಂಡವಾಳ ಮತ್ತು ಜನಪ್ರಿಯತೆ ಒಬ್ಬ ಸಮರ್ಥ ಕಲಾವಿದನಿಂದ ಏನನ್ನು ಪಡೆದವು, ಪ್ರತಿಯಾಗಿ ಏನನ್ನು ಕಿತ್ತುಕೊಂಡವು ಎಂಬುದು ನಿಚ್ಚಳವಾಗುತ್ತದೆ.