ಪ್ರತಿ ಡಿಸೆಂಬರಿನಲ್ಲೂ ಹುಟ್ಟುವ ಕಪ್ಪು ಕೂಸು

ಅಮೆರಿಕದ ಬಾಸ್ಟನ್ ನಗರದಲ್ಲಿ ಕ್ರಿಸ್‌ಮಸ್ ಬಂತೆಂದರೆ ಒಂದು ನಾಟಕ ರಂಗಕ್ಕೆ ಬರುತ್ತದೆ. 1970ರಲ್ಲಿ ಆರಂಭವಾದ ಈ ಪರಿಪಾಠಕ್ಕೆ ಈಗ ಅರ್ಧ ಶತಮಾನ ದಾಟಿದೆ. ನಾಟಕದ ಹೆಸರು 'ಬ್ಲ್ಯಾಕ್ ನೇಟಿವಿಟಿ', ಅಂದರೆ ಕಪ್ಪು ಜನ್ಮಕಥೆ. ಬರೆದವರು ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ಆಡಿಸುತ್ತ ಬಂದದ್ದು ಎಲ್ಮಾ ಲೂಯಿಸ್ ಎಂಬ ದಿಟ್ಟ ಹೆಣ್ಣುಮಗಳು 1968ರಲ್ಲಿ ಕಟ್ಟಿದ ಆಫ್ರೋ-ಅಮೆರಿಕನ್ ಕಲಾವಿದರ ರಾಷ್ಟ್ರೀಯ ಕೇಂದ್ರ. ಹಾಡುವವರು ಆ ಸಮುದಾಯದ ದೊಡ್ಡವರು ಮತ್ತು ಮಕ್ಕಳು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಹಾಗಿದ್ದರೆ ಹ್ಯೂಸ್ ಮಾಡಿದ್ದೇನು? ಮೊದಲ ಭಾಗದಲ್ಲಿ ಅವರು ಯೇಸುವಿನ ಜನನದ ಕಥೆಯನ್ನು ನಿರೂಪಕನಿಂದ ಹೇಳಿಸುತ್ತಾರೆ. ಮೇರಿ ಮತ್ತು ಜೋಸೆಫರ ಪಾತ್ರ ಕುಣಿತದಲ್ಲಿದೆ. ಉಳಿದದ್ದೆಲ್ಲ ಕಪ್ಪು ಜನರ ಇಗರ್ಜಿಗಳಲ್ಲಿ ಹಾಡುವ ಗಾಸ್ಪೆಲ್ ಹಾಡುಗಳು. ಕಥೆ ಬದಲಾಗಿಲ್ಲ, ಹೇಳುವ ದನಿ ಬದಲಾಗಿದೆ. ಈ ನಾಟಕ ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶನಗೊಂಡದ್ದು 1961ರ ಡಿಸೆಂಬರಿನಲ್ಲಿ. ಅದೇ ವರ್ಷ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು-ಬಿಳಿಯರು ಒಂದೇ ಬಸ್ಸಿನಲ್ಲಿ ಕೂತು ಪ್ರಯಾಣ ಮಾಡಿದ್ದಕ್ಕೆ ಹೊಡೆತ ತಿಂದಿದ್ದರು. ತುಂಬು ಬಸುರಿಗೆ ತಂಗಲು ಜಾಗವಿಲ್ಲ ಎಂಬ ಮಾತನ್ನು ಕಪ್ಪು ಕಂಠವೊಂದು ಹಾಡಿದಾಗ ಅದು ಬೆತ್ಲೆಹೇಮಿನ ಮಾತಷ್ಟೇ ಆಗಿ ಉಳಿಯಲು ಸಾಧ್ಯವಿರಲಿಲ್ಲ. ಅದಕ್ಕೆ ಬೇರೆ ಭಾಷಣ ಬೇಕಾಗಲಿಲ್ಲ.

ಹೆಸರಿನ ಬಗ್ಗೆ ಜಗಳವೇ ಆಯಿತು. ನೃತ್ಯಕ್ಕೆಂದು ಬಂದಿದ್ದ ಆಲ್ವಿನ್ ಐಲಿ ಮತ್ತು ಕಾರ್ಮೆನ್ ಡಿ ಲವಲೇಡ್, ಶೀರ್ಷಿಕೆಗೆ ತಕರಾರು ಎತ್ತಿ ಪ್ರದರ್ಶನಕ್ಕೆ ಮೊದಲೇ ಹೊರನಡೆದರು. ಇಬ್ಬರೂ ಕಪ್ಪು ಕಲಾವಿದರೇ. 'ಬ್ಲ್ಯಾಕ್' ಎಂಬುದು ಹೆಮ್ಮೆಯ ಮಾತಾಗುವ ಮೊದಲಿನ ಕಾಲ ಅದು. ಬೈಗುಳದಂತೆ ಕೇಳುತ್ತಿದ್ದ ಪದವೊಂದನ್ನು ಹ್ಯೂಸ್ ಪವಿತ್ರ ಕಥೆಯ ಹಣೆಗೆ ಹಚ್ಚಿದರು. ಕಾಲ ಅವರ ಪರವಾಗಿ ನಿಂತಿತು.

ಇನ್ನೊಂದು ಸಂಗತಿ ಗಮನಿಸಬೇಕು. ಹ್ಯೂಸ್ ಸಂಪ್ರದಾಯಸ್ಥ ಭಕ್ತರಲ್ಲ. 1932ರ 'ಗುಡ್‌ಬೈ ಕ್ರೈಸ್ಟ್' ಎಂಬ ಕವಿತೆಗಾಗಿ ಧರ್ಮದ್ರೋಹಿ ಎನ್ನಿಸಿಕೊಂಡವರು. 1953ರಲ್ಲಿ ಮೆಕಾರ್ಥಿ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಎಳೆಯ ವಯಸ್ಸಿನಲ್ಲಿ ಇಗರ್ಜಿಯಲ್ಲಿ ಎಲ್ಲರ ಒತ್ತಾಯಕ್ಕೆ ಯೇಸುವನ್ನು ಕಂಡೆನೆಂದು ಸುಳ್ಳು ಹೇಳಿ, ರಾತ್ರಿ ಹಾಸಿಗೆಯಲ್ಲಿ ಅತ್ತದ್ದನ್ನು ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ಅಂಥವರು ಬರೆದದ್ದನ್ನು ಭಕ್ತರು ವರ್ಷ ವರ್ಷ ಹಾಡುತ್ತಿದ್ದಾರೆ. ಪುಸ್ತಕ ತೆರೆಯುವ ಮೊದಲೇ ಲೇಖಕನ ಈಮಾನನ್ನು ತೂಗಿ ನೋಡುವ ನಮ್ಮವರು ಇದನ್ನು ಯೋಚಿಸಬೇಕು.

ಆದರೆ ನಾಟಕದ ಎರಡನೇ ಭಾಗದ ಬಗ್ಗೆ ನನಗೆ ತಕರಾರಿದೆ. ಅಲ್ಲಿ ಕಥೆ ಮುಗಿದು ಪ್ರಾರ್ಥನಾ ಸಭೆ ಶುರುವಾಗುತ್ತದೆ. ಕುರ್‌ಆನಿನ 19ನೇ ಅಧ್ಯಾಯ ಓದಿದವರಿಗೆ ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿ ನೋವು ತಿನ್ನುವ ಮರ್ಯಮ್ ಗೊತ್ತು. ಅಲ್ಲಿ ಜೋಸೆಫ್ ಇಲ್ಲ. ಆದರೂ ಮೊದಲ ಭಾಗ ನಮ್ಮನ್ನು ಒಳಗೆ ಕರೆಯುತ್ತದೆ. ಹೆರಿಗೆಯ ನೋವಿಗೆ, ಮುಚ್ಚಿದ ಬಾಗಿಲಿಗೆ ಮತವಿಲ್ಲ. ಎರಡನೇ ಭಾಗಕ್ಕೆ ಬಂದಾಗ ಅನ್ಯಮತೀಯ ಪ್ರೇಕ್ಷಕ ಬರೀ ನೆಂಟನಾಗಿಬಿಡುತ್ತಾನೆ.

2013ರ ಸಿನಿಮಾ ಬೇರೊಂದು ದಾರಿ ಹಿಡಿಯಿತು. ಬಾಲ್ಟಿಮೋರಿನ ಹುಡುಗ, ಹಾರ್ಲೆಮ್ಮಿನ ಅಜ್ಜ-ಅಜ್ಜಿ, ಮುರಿದ ಮನೆಯೊಂದು ಕೂಡುವ ಕಥೆಯನ್ನು ಅದು ಸೇರಿಸಿತು. ಹಾಡುಗಳು ಚೆನ್ನಾಗಿವೆ. ಆದರೆ ಬಾಗಿಲು ಮುಚ್ಚಿದವರು ಯಾರು ಎಂದು ಸಮಾಜಕ್ಕೆ ಕೇಳಬೇಕಾದ ಪ್ರಶ್ನೆ ಒಂದು ಮನೆಯ ಜಗಳವಾಗಿ ಸಣ್ಣದಾಯಿತು.

ಪ್ರತಿ ವರ್ಷ ಆಡುವುದರಲ್ಲಿ ಯಾಂತ್ರಿಕವಾಗುವ ಅಪಾಯವಿದೆ, ನಿಜ. ಆದರೆ 1974ರಲ್ಲಿ ಇದೇ ಬಾಸ್ಟನ್ನಿನಲ್ಲಿ ಬಿಳಿಯರ ಬಡಾವಣೆಯ ಶಾಲೆಗೆ ಹೊರಟ ಕಪ್ಪು ಮಕ್ಕಳ ಬಸ್ಸುಗಳಿಗೆ ಕಲ್ಲು ಬಿದ್ದವು. ಅಂಥ ಊರಿನಲ್ಲಿ ಕಪ್ಪು ಮಕ್ಕಳು ದೇವದೂತರಾಗಿ ರಂಗಕ್ಕೆ ಬರುವುದು ಬರೀ ಹಬ್ಬದ ಮನರಂಜನೆಯಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಮೊಹರಮ್ಮಿಗೆ ರಿವಾಯತ್ ಪದ ಹಾಡುವಾಗ, ಕರ್ಬಲಾದ ಕಥೆ ಹೋದ ವರ್ಷವೇ ಕೇಳಿದ್ದೆವಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ.

ಯಾರಾದರೂ ಈ ನಾಟಕವನ್ನು ಕನ್ನಡಕ್ಕೆ ತರುವುದಾದರೆ ಗಾಸ್ಪೆಲ್ ಮಟ್ಟುಗಳನ್ನು ನಕಲು ಮಾಡುವುದು ಬೇಡ. ಹ್ಯೂಸ್ ತಮ್ಮ ಜನರ ದನಿ ಹುಡುಕಿದಂತೆ, ಇಲ್ಲಿ ಬಾಗಿಲು ಮುಚ್ಚಿಸಿಕೊಂಡವರ ದನಿಯನ್ನು ಹುಡುಕಲಿ. ಆಗ ಮೊದಲ ಭಾಗವೊಂದೇ ಸಾಕಾದೀತು.